ಲಾಂಗ್ ಆನ್‌ನಿಂದ ಕಿಕ್-ಆಫ್‌ಗೆ: ನನ್ನ ಅನುಭವ

ಹನ್ನೆರಡು ಹದಿಮೂರು ವರ್ಷ ಲೀಗ್ ಕ್ರಿಕೆಟ್ ಆಡಿದೆ. ಭುಜ ಕೈಕೊಟ್ಟಿತು. ರಗ್ಬಿ ಸೆವೆನ್ಸ್ (ಏಳೇಳು ಜನ ಆಡುವ ರಗ್ಬಿ) ತಂಡವೊಂದಕ್ಕೆ ಫಿಟ್ನೆಸ್ ನೋಡಿಕೊಳ್ಳಲು ಹೋದವನು, ಇದ್ದ ಕೋಚ್ ಬಿಟ್ಟುಹೋದಾಗ ಕೋಚೇ ಆಗಿಬಿಟ್ಟೆ. ‘ಬ್ಯಾಟ್ ಹಿಡಿದವನಿಗೇನು ಗೊತ್ತು ಮೊಟ್ಟೆ ಚೆಂಡು’ ಎಂದವರೇ ಈಗ ನಮ್ಮ ಪ್ರಾಕ್ಟೀಸ್ ನೋಡಲು ಬಂದು ನಿಲ್ಲುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆವೆನ್ಸ್‌ನಲ್ಲಿ ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಗಳಿಸುವ ಅಂಕ) ಹೊಡೆದವರೇ ಮತ್ತೆ ಆಟ ಶುರುಮಾಡುವ ಕಿಕ್ ಮಾಡುವುದು. 7 ನಿಮಿಷದ ಹಾಫ್‌ನಲ್ಲಿ ಆ ಚೆಂಡು ಬಿಟ್ಟರೆ, ಮುಂದಿನ ಸಲ ನಮ್ಮ ಕೈಗೆ ಸಿಗುವಷ್ಟರಲ್ಲಿ ಇನ್ನೊಂದು ಟ್ರೈ ಬಿದ್ದಿರುತ್ತದೆ. ನಮ್ಮ ಹುಡುಗರು ಹತ್ತರಲ್ಲಿ ನಾಲ್ಕು ಹಿಡಿದರೆ ಹೆಚ್ಚು. ಒಳಗೊಳಗೇ ಖುಷಿಯಾಯಿತು: ಹೈ ಕ್ಯಾಚ್ ತಾನೇ!

ಎಡವಿದ್ದೇ ಅಲ್ಲಿ. ಎದೆ ಕೊಟ್ಟು ನಿಂತು, ಚೆಂಡಿನ ಜೊತೆ ಕೈ ಹಿಂದಕ್ಕೆಳೆದು ಹಿಡಿಯುವುದನ್ನೇ ಕಲಿಸಿದೆ. 160 ಗ್ರಾಂ ಚೆಂಡಿಗೆ ಅದು ಸರಿ. 400 ಗ್ರಾಂ ದಾಟಿದ, ಪಲ್ಟಿ ಹೊಡೆಯುತ್ತಾ ಬರುವ ಚೆಂಡು ಅಂಗೈಗೆ ಬಡಿದು ಮುಂದಕ್ಕೆ ಚಿಮ್ಮುತ್ತಿತ್ತು. ನಾಕ್ ಆನ್, ಅಂದರೆ ಚೆಂಡು ಕೈತಪ್ಪಿ ಮುಂದಕ್ಕೆ ಹೋದ ತಪ್ಪು; ಸ್ಕ್ರಮ್ (ಎರಡೂ ಕಡೆಯವರು ತೋಳು ಹೆಣೆದು ತಳ್ಳಾಡಿ ಚೆಂಡಿಗೆ ಸೆಣಸುವುದು) ಅವರದು. ಒಂದೇ ಪಂದ್ಯದಲ್ಲಿ ಐದು ಸಲ. ‘ಸಾರ್, ಇದು ವಿಕೆಟ್ ಅಲ್ಲ, ಹಿಡಿದ ಮೇಲೂ ಆಟ ಇರುತ್ತೆ’ ಅಂದ ಕ್ಯಾಪ್ಟನ್. ಇಡೀ ಸೀಸನ್ ಹಾಳು.

ಆಮೇಲೆ ಕೈ ಬಿಟ್ಟು ಕಾಲು ಹಿಡಿದೆ. ಬೌಂಡರಿ ಫೀಲ್ಡರ್ ಚೆಂಡು ಬ್ಯಾಟ್ ಬಿಟ್ಟ ಕ್ಷಣವೇ ಹೆಜ್ಜೆ ಕೀಳುತ್ತಾನೆ; ಇವರು ಅದು ಇಳಿಯಲು ಶುರುವಾಗುವ ತನಕ ಬಾಯಿಬಿಟ್ಟು ನೋಡುತ್ತಿದ್ದರು. ರಾಕೆಟ್‌ನಿಂದ ಟೆನ್ನಿಸ್ ಚೆಂಡು ಆಕಾಶಕ್ಕೆ ಎತ್ತುತ್ತಿದ್ದೆ. ಹಿಡಿಯುವಂತಿಲ್ಲ, ಕೈ ಬೆನ್ನ ಹಿಂದೆ, ಚೆಂಡು ಭುಜಕ್ಕೆ ತಾಗಬೇಕು. ಮೂರು ವಾರ ಬರೀ ಇದೇ. ನೋಡಿದವರೆಲ್ಲ ನಕ್ಕರು. ನಂತರವೇ ಕೈ: ಪಕ್ಕಕ್ಕೆ ತಿರುಗಿ, ಮೊಣಕೈ ಸೇರಿಸಿ ತೊಟ್ಟಿಲು ಮಾಡಿ, ಜಿಗಿದು, ಎದೆಗೆ ಅವಚಿಕೊಳ್ಳುವುದು. ಪಕ್ಕಕ್ಕೆ ತಿರುಗಿದ್ದರೆ ಜಾರಿದ ಚೆಂಡೂ ಹೆಚ್ಚಾಗಿ ಹಿಂದಕ್ಕೇ ಬೀಳುತ್ತದೆ. ಜಿಗಿದವನು ಗಾಳಿಯಲ್ಲಿರುವ ತನಕ ಯಾರೂ ಅವನನ್ನು ಟ್ಯಾಕಲ್ ಮಾಡುವಂತೆಯೂ (ಹಿಡಿದು ಬೀಳಿಸುವಂತೆಯೂ) ಇಲ್ಲ.

ಕಿಕ್ ಯಾವ ಕಡೆಗೆ ಎಂದು ಮೊದಲೇ ತಿಳಿಯಲು ಒಂದು ಗುರುತಿದೆ. ಬೌಲರ್‌ನ ಮಣಿಕಟ್ಟು ನೋಡಿ ನೋಡಿ ಪಳಗಿದ ಕಣ್ಣಿಗೆ ಸಿಕ್ಕಿದ್ದು. ಅದನ್ನು ಹೇಳಲ್ಲ, ನಾವು ಇನ್ನೂ ಆಡಬೇಕು.

ದುಡ್ಡಿನ ಕತೆ ಕೇಳಬೇಡಿ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಡಜನ್ ಚೆಂಡು ತಂದೆ. ತಿಂಗಳಲ್ಲಿ ಹಿಡಿತಕ್ಕೆಂದು ಮೇಲಿರುವ ಗುಳ್ಳೆಯೆಲ್ಲ ಸವೆದು, ಉಬ್ಬಿ ಕುಂಬಳಕಾಯಿ ಆದವು. ಕೊನೆಗೆ ನನ್ನ ಎರಡು ಇಂಗ್ಲಿಷ್ ವಿಲ್ಲೋ ಬ್ಯಾಟ್ ಮಾರಿ ನಾಲ್ಕು ಒಳ್ಳೆಯ ಚೆಂಡು ಕೊಂಡೆ. ಟ್ಯಾಕಲ್ ಬ್ಯಾಗ್ ಎಂದರೆ ಹಳೇ ಹಾಸಿಗೆ ಸುರುಳಿ ಸುತ್ತಿ ಹಗ್ಗ ಬಿಗಿದದ್ದು. ಮೊದಲ ವರ್ಷದ ಮೂರು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ.

ಸ್ಲಿಪ್ ಕ್ರೇಡಲ್ (ಕ್ರಿಕೆಟ್‌ನಲ್ಲಿ ಕ್ಯಾಚ್ ಅಭ್ಯಾಸಕ್ಕೆ ಚೆಂಡು ಚಿಮ್ಮಿಸುವ ತೊಟ್ಟಿಲಿನಾಕಾರದ ಚೌಕಟ್ಟು) ಮೇಲೂ ಈ ಚೆಂಡು ಎಸೆದು ನೋಡಿದ್ದೆ. ಒಬ್ಬನ ಮೂಗಿನಲ್ಲಿ ರಕ್ತ ಬಂತು, ಅಲ್ಲಿಗೆ ನಿಲ್ಲಿಸಿದೆ. ಡ್ರಾಪ್ ಕಿಕ್ಕನ್ನು, ಅಂದರೆ ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಏಳುವಾಗ ಒದೆಯುವುದನ್ನು, ಹಾಫ್ ವಾಲಿ ಡ್ರೈವ್ ಥರ ಹೇಳಿಕೊಟ್ಟೆ, ತಲೆ ಚೆಂಡಿನ ಮೇಲೆ ಅಂತ. ಕ್ರಿಕೆಟ್ ಆಡಿದ್ದ ಒಬ್ಬನಿಗೆ ತಕ್ಷಣ ಹತ್ತಿತು, ಉಳಿದವರಿಗೆ ಇದ್ದದ್ದೂ ಕೆಟ್ಟಿತು.

ಕಳೆದ ಸೀಸನ್ ಹತ್ತಕ್ಕೆ ಏಳೋ ಎಂಟೋ ಹಿಡಿದೆವು. ಈಗ ರಾಕೆಟ್ ಆ ಕ್ಯಾಪ್ಟನ್ ಕೈಯಲ್ಲಿದೆ. ನನ್ನ ಭುಜ ಅಷ್ಟು ಎತ್ತರಕ್ಕೆ ಹೊಡೆಯಲು ಬಿಡುವುದಿಲ್ಲ.