ಹಾಲಿನ ಸೊಸೈಟಿಯ ಗೋಡೆಯಲ್ಲಿ ವಿಶ್ವಕೋಶ

ನಮ್ಮ ವಾಚನಾಲಯದ ವತಿಯಿಂದ ವಿಶ್ವಕೋಶದ ತುಣುಕುಗಳನ್ನು ಊರಿನ ಹಾಲಿನ ಸೊಸೈಟಿಯ ಗೋಡೆಗೆ ಹಚ್ಚೋಣವೆಂದಾಗ, ಫ್ಯಾಟು ಮತ್ತು ಹಿಂಡಿಯ ದರ ನೋಡಲು ಬರುವವರಿಗೆ ಸಂಬಂಧವಿಲ್ಲದ ಸಂಗತಿಗಳ ಗೊಡವೆ ಯಾಕೆಂದು ಸಮಿತಿಯಲ್ಲಿ ಕೇಳಿದವರೇ ಹೆಚ್ಚು. ಈಗ ಎರಡು ದಿನ ಹಾಳೆ ಬದಲಾಗದಿದ್ದರೆ ಕಾರಣ ಕೇಳುವವರೂ ಅವರೇ.

ಸಂಬಂಧವಿರುವ ವಿಷಯವನ್ನೂ ಹಾಕಿ ನೋಡಿದ್ದಾಯಿತು. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನಲ್ಲಿ ತೆಂಗು, ಅಡಿಕೆಯ ಬಗ್ಗೆ ಬರೆದರೆ ಪ್ರತಿಯೊಬ್ಬನೂ ಅದರಲ್ಲೊಂದು ತಪ್ಪು ಹುಡುಕಿ ಮುಂದೆ ಹೋಗುತ್ತಾನೆಯೇ ಹೊರತು ನಿಂತು ಓದುವುದಿಲ್ಲ. ಇಡೀ ಲೇಖನ ಹಚ್ಚಿದರೆ ಮೇಲಿನ ಎರಡು ಸಾಲಿಗಿಂತ ಕೆಳಗೆ ಯಾರ ಕಣ್ಣೂ ಇಳಿಯಲಿಲ್ಲ. ಕರಿಹಲಗೆಯ ಬರಹವನ್ನು ಆಟಿ ತಿಂಗಳ ಮಳೆ ಉಳಿಸಲಿಲ್ಲ. ಫ್ಲೆಕ್ಸಿಗೆ ಏಳುನೂರರಷ್ಟು ರೂಪಾಯಿ ಹೋಯಿತು, ಅದನ್ನು ಬದಲಾಯಿಸುವಂತೆಯೂ ಇರಲಿಲ್ಲ. ಕೊನೆಗೆ ಉಳಿದದ್ದು ಹಳೆಯ ಕ್ಯಾಲೆಂಡರಿನ ಹಿಂಬದಿ, ದಪ್ಪ ಮಾರ್ಕರು ಮತ್ತು ಗುಜರಿಯಿಂದ ತಂದ ಗಾಜಿನ ಚೌಕಟ್ಟು. ತಿಂಗಳಿಗೆ ಎಪ್ಪತ್ತು, ಎಂಬತ್ತು ರೂಪಾಯಿ ಮೀರುವುದಿಲ್ಲ.

ಜನ ಮೊದಲ ಬಾರಿ ಗುಂಪುಗೂಡಿದ್ದು ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿಯ ಹಾಳೆಯ ಮುಂದೆ. 1883ರ ಆಗಸ್ಟಿನಲ್ಲಿ ಅದು ಸಿಡಿದ ಸದ್ದು ಸುಮಾರು 4,800 ಕಿಲೋಮೀಟರ್ ದೂರದ, ಹಿಂದೂ ಮಹಾಸಾಗರದ ರೋಡ್ರಿಗಸ್ ದ್ವೀಪದಲ್ಲಿ ಕೇಳಿಸಿತ್ತೆಂದು ಬರೆದು, ಮಂಜೇಶ್ವರದ ಕವಿ ಗೋವಿಂದ ಪೈಗಳು ಹುಟ್ಟಿದ್ದೂ ಅದೇ ವರ್ಷವೆಂಬ ಒಂದು ಸಾಲನ್ನು ಕೆಳಗೆ ಸೇರಿಸಿದ್ದೆ. ಹಾಲು ಅಳೆದು ಮುಗಿದರೂ ಕ್ಯಾನು ಹಿಡಿದುಕೊಂಡೇ ನಿಂತಿದ್ದವರ ನಡುವೆ, ಆ ಸದ್ದು ನಮ್ಮ ಕಡಲತೀರಕ್ಕೆ ಕೇಳಿಸಿದ್ದೀತೇ ಎಂಬ ವಾದ ಸಂಜೆಯ ಹಾಲಿನವರೆಗೂ ನಡೆಯಿತು. ದೂರದ ವಿಷಯಕ್ಕೆ ಹತ್ತಿರದ ಒಂದೇ ಒಂದು ಕೊಂಡಿ ಸಾಕು. ಎರಡು ಹಾಕಿದರೆ ಪಾಠವಾಗಿಬಿಡುತ್ತದೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳು 2014ರಲ್ಲಿ ಮುಕ್ತ ಪರವಾನಗಿಯಡಿ ದೊರೆತದ್ದರಿಂದ, ಮೂಲವನ್ನು ನಮೂದಿಸಿ ತುಣುಕು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಆದರೆ ಮೊದಲ ಸಂಪುಟ ಬಂದದ್ದು 1969ರಲ್ಲಿ. ಜನಸಂಖ್ಯೆ, ಗಡಿಗಳ ವಿವರವನ್ನು ಹಾಗೆಯೇ ಇಳಿಸಬಾರದು. ಕಾಸರಗೋಡು ಜಿಲ್ಲೆಯಾದದ್ದೇ 1984ರಲ್ಲಲ್ಲವೇ?

ನಡುವೆ ಹಾಳೆಯ ಅರ್ಧಭಾಗದಲ್ಲಿ ಮಲಯಾಳವನ್ನೂ ಬರೆಸಿದೆ. ಓದುಗರು ಹೆಚ್ಚಾದರೂ ಅಕ್ಷರ ಸಣ್ಣದಾಗಿ ವಯಸ್ಸಾದವರು ಗೊಣಗಿದರು. ಈಗ ದಿನ ಬಿಟ್ಟು ದಿನ ಒಂದೊಂದು ಭಾಷೆ.

ತುಣುಕನ್ನು ಎಲ್ಲಿ ಕತ್ತರಿಸಿದರೆ ಮರುದಿನವೂ ಬಂದು ನೋಡುತ್ತಾರೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಪಕ್ಕದ ಊರಿನ ವಾಚನಾಲಯದವರು ಈಗಾಗಲೇ ನಮ್ಮ ಹಾಳೆಗಳ ಫೋಟೋ ಹೊಡೆದುಕೊಂಡು ಹೋಗಿದ್ದಾರೆ.