ಹುಳುಮನೆಯಲ್ಲಿ ವಿಮಾನದ ಕಿಟಕಿ

ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ಹುಳುಮನೆ ಇದೆ. ರೇಷ್ಮೆ ಬಿಟ್ಟ ಮೇಲೆ ಖಾಲಿ ಬಿದ್ದಿತ್ತು. ಈಗ ಅದರಲ್ಲೇ ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದೇನೆ. ರೆಕ್ಕೆ, ರಿವೆಟ್ಟು ಯಾವುದೂ ಅಷ್ಟು ಕಾಡಲಿಲ್ಲ. ಗೋಳು ಹೊಯ್ದುಕೊಂಡಿದ್ದು ಅಕ್ರಿಲಿಕ್ ಕಿಟಕಿ, ಅಂದರೆ ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್‌ನದು.

ಮೊದಲನೇದು ಹಾಳಾಗಿದ್ದು ಒಂದು ಬಟ್ಟೆ ಚೂರಿನಿಂದ. ಬಣ್ಣ ಹೊಡೆಯೋಕೆ ಬಂದ ಹುಡುಗ, ಅಂಚಿಗೆ ಸಿಡಿದಿದ್ದ ಪ್ರೈಮರನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿದ. "ಕ್ಲೀನ್ ಆಯ್ತಣ್ಣ" ಅಂದ. ಫಳಫಳ ಅಂತಲೇ ಇತ್ತು. ಮಾರನೇ ದಿನ ಬಿಸಿಲಿಗೆ ಓರೆಯಾಗಿ ನೋಡಿದರೆ ಸ್ಕ್ರೂ ತೂತಿನ ಸುತ್ತ ರೇಷ್ಮೆ ಎಳೆಯಂಥ ಬಿರುಕುಗಳು! ಅವನ ತಪ್ಪಲ್ಲ, ಮೊದಲೇ ಹೇಳದಿದ್ದವನು ನಾನು. ಥಿನ್ನರ್, ಅಸಿಟೋನ್, ಪೆಟ್ರೋಲ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಎಲ್ಲವೂ ಅಕ್ರಿಲಿಕ್‌ಗೆ ವಿಷ. ಬಗ್ಗಿಸಿ ಬಿಗಿದ ಜಾಗದಲ್ಲಿ ಬಿರುಕು ಇನ್ನೂ ಬೇಗ.

ಎರಡನೇದರ ಮೇಲೆ ಅಂಟಿಸಿ ಬಂದಿದ್ದ ಹಾಳೆಯನ್ನು ಪೂರ್ತಿ ಕೀಳಲಿಲ್ಲ. ಅಂಚಲ್ಲಿ ಎರಡು ಬೆರಳಗಲ ಬಿಡಿಸಿಕೊಂಡೆ, ಅಷ್ಟೇ. ಹಾಗಂತ ವರ್ಷಗಟ್ಟಲೆ ಬಿಡೋಕೂ ಆಗಲ್ಲ. ಬಿಸಿಲು ಬಿದ್ದರೆ ಗೋಂದು ಕಚ್ಚಿಕೊಂಡು, ಕೀಳೋಕೆ ಹೋದರೆ ಚೂರುಚೂರಾಗಿ ಬರುತ್ತೆ. ಅದಕ್ಕೇ ನೆರಳಿನ ಮೂಲೆಯಲ್ಲಿಟ್ಟೆ. ಬಣ್ಣದ ದಿನ ಅಂಚಿಗೆ ಟೇಪು, ಮೇಲೆ ದಪ್ಪ ಪ್ಲಾಸ್ಟಿಕ್. ಬರೀ ನ್ಯೂಸ್ ಪೇಪರ್ ನಂಬಬೇಡಿ, ಥಿನ್ನರ್ ಅದರಲ್ಲಿ ಇಳಿಯುತ್ತೆ.

ತೂತು ಕೊರೆಯೋದೇ ಎದೆ ಢವಢವ. ಮಾಮೂಲಿ ಡ್ರಿಲ್ ಬಿಟ್ ಆಚೆ ಬದಿ ದಾಟುವಾಗ ಕಚ್ಚಿ ಎಳೆದು ಸೀಳಿಬಿಡುತ್ತೆ. ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್ ಹಾಕಿ, ಅಡಿಗೆ ಮರದ ಹಲಗೆ ಕೊಟ್ಟು, ನಿಧಾನಕ್ಕೆ ಕೊರೆದೆ. ಚಳಿಯಲ್ಲಿ ಅಕ್ರಿಲಿಕ್ ಬೇಗ ಒಡೆಯುತ್ತೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಬೆಳಗ್ಗೆ ಕೈ ಮರಗಟ್ಟುತ್ತೆ, ಗೊತ್ತಲ್ವಾ? ಚಾಕಿ ಹುಳುವಿಗೆ (ಎಳೇ ರೇಷ್ಮೆ ಹುಳು) ಇಡುತ್ತಿದ್ದ ಹೀಟರ್ ಹುಡುಕಿ ತಂದು, ಕೋಣೆ 27 ಡಿಗ್ರಿಗೆ ಬಂದ ಮೇಲೆ ಡ್ರಿಲ್ ಹಿಡಿದೆ. "ಹುಳುವಿಗಿಂತ ಜಾಸ್ತಿ ಆರೈಕೆ" ಅಂತ ಅಮ್ಮ ನಕ್ಕರು.

ತೂತು ಸ್ಕ್ರೂಗಿಂತ ದೊಡ್ಡದೇ ಇರಬೇಕು. ಬಿಸಿಗೆ ಅಕ್ರಿಲಿಕ್, ಅದನ್ನು ಕೂರಿಸುವ ಅಲ್ಯೂಮಿನಿಯಂನ ಸುಮಾರು 3 ಪಟ್ಟು ಹಿಗ್ಗುತ್ತೆ. ಒಂದು ಮೀಟರ್ ಉದ್ದಕ್ಕೆ 20 ಡಿಗ್ರಿ ಏರಿದರೆ ಹತ್ತಿರ ಹತ್ತಿರ 1.4 ಮಿಲಿಮೀಟರ್. ಜಾಗ ಕೊಡದೆ ಬಿಗಿದರೆ ಅದು ಎಲ್ಲಿಗೆ ಹೋಗಬೇಕು?

ಧೂಳನ್ನು ಒಣಬಟ್ಟೆಯಲ್ಲಿ ಒರೆಸಲ್ಲ. ಮೊದಲು ನೀರು ಹರಿಸ್ತೀನಿ, ಆಮೇಲೆ ಸೋಪಿನ ನೀರು, ಬರಿಗೈ. ಉಂಗುರ ಬಿಚ್ಚಿಟ್ಟು.

ಹಾಳಾದ ಕಿಟಕಿ ಬಾಗಿಲ ಹಿಂದೆ ನಿಂತಿದೆ. ಹೊಸ ಡ್ರಿಲ್ ಬಿಟ್ ಬಂದರೆ ಮೊದಲ ತೂತು ಅದಕ್ಕೇ.