ದೊಡ್ಡಪ್ಪನ ಕವಲಿನ ತಲೆಮಾರು ಎಣಿಸಿದ್ದು ಹೀಗೆ

ಅಮೆರಿಕದಲ್ಲಿರುವ ದೊಡ್ಡಪ್ಪನ ಕವಲಿನ ವಂಶಾವಳಿ ಬರೆಯಲು ಕೂತಾಗ ಮೊದಲು ತೀರ್ಮಾನಿಸಬೇಕಾದದ್ದು ಒಂದನೇ ತಲೆಮಾರು ಯಾರದು ಎಂಬುದನ್ನು. ಹುಟ್ಟಿದ ದೇಶ ನೋಡಿ ಹಂಚುತ್ತಿದ್ದ ಹಳೆಯ ವಲಸೆ ಕೋಟಾವನ್ನು ಅಲ್ಲಿನ 1965ರ ಕಾನೂನು ತೆಗೆದ ಮೇಲೆ ಹೋದವರು ದೊಡ್ಡಪ್ಪ, ದೊಡ್ಡಮ್ಮ. ಅವರೇ ಒಂದು ಅಂತ ಕೆಲವರು. ಅಲ್ಲಿ ಹುಟ್ಟಿದ ಮಕ್ಕಳಿಂದ ಶುರು ಅಂತ ಇನ್ನು ಕೆಲವರು. ನಾನು ಅಲ್ಲಿನ ಜನಗಣತಿ ಇಲಾಖೆಯ ಲೆಕ್ಕ ಹಿಡಿದೆ. ಹೊರದೇಶದಲ್ಲಿ ಹುಟ್ಟಿ ಬಂದವರು 1. ಅಲ್ಲೇ ಹುಟ್ಟಿದ ಮಗುವಿನ ತಂದೆತಾಯಿಯಲ್ಲಿ ಒಬ್ಬರಾದರೂ ಹೊರಗಿನಿಂದ ಬಂದವರಾದರೆ ಆ ಮಗು 2. ಇಬ್ಬರೂ ಅಲ್ಲಿಯೇ ಹುಟ್ಟಿದವರಾದರೆ 3 ಅಥವಾ ಅದರಾಚೆ. ಜಪಾನಿನಿಂದ ಹೋದ ಮನೆತನಗಳಲ್ಲೂ ಬಂದವರೇ ಮೊದಲಿಗರು: ಅವರು ಇಸ್ಸೇ, ಮಕ್ಕಳು ನಿಸೇ, ಮೊಮ್ಮಕ್ಕಳು ಸಾನ್ಸೇ.

ಊರಿನ ಕಡೆಯ ಹಿರಿಯರನ್ನು ಎಲ್ಲಿಡುವುದು? ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ವಂಶಾವಳಿಕಾರರಲ್ಲಿ ಇದಕ್ಕೊಂದು ಒಳ್ಳೆಯ ಪದ್ಧತಿಯಿದೆ. ವಲಸೆ ಬಂದವನ ಹೆಸರಿನ ತಲೆಗೆ ಸಣ್ಣದಾಗಿ 1 ಬರೆದು, ಅವನ ತಂದೆಗೆ ಎ, ತಾತನಿಗೆ ಬಿ ಎಂದು ಹಿಂದಕ್ಕೆ ಹೋಗುತ್ತಾರೆ. ಮುಂದೆ ಯಾರೋ ಅಜ್ಜಿ ನೆನಪಿಸಿಕೊಂಡು ಇನ್ನೊಬ್ಬ ಪೂರ್ವಿಕರ ಹೆಸರು ಹೇಳಿದರೂ ಕೆಳಗಿನ ಯಾವ ಅಂಕಿಯೂ ಬದಲಾಗುವುದಿಲ್ಲ. ನಮ್ಮಂಥ ಮನೆಗಳಿಗೆ ಇದಕ್ಕಿಂತ ಅನುಕೂಲದ್ದು ನನಗೆ ಕಂಡಿಲ್ಲ.

ಆದರೆ ನಮ್ಮಜ್ಜಿ ಮಗನ ಹಿಂದೆಯೇ ಗ್ರೀನ್ ಕಾರ್ಡ್ ಮೇಲೆ ಹೋಗಿ ನೆಲೆಸಿದರು. ಜನಗಣತಿ ಲೆಕ್ಕಕ್ಕೆ ಅವರೂ 1, ವಂಶದ ಲೆಕ್ಕಕ್ಕೆ ಎ. ಹಾಗಾಗಿ ಎರಡು ಕಾಲಂ ಇಟ್ಟೆ: ಒಂದು ವಂಶದ್ದು, ಒಂದು ವಲಸೆಯದು. ಎಳವೆಯಲ್ಲೇ ಹೋದ ಮಕ್ಕಳನ್ನು ಸಮಾಜಶಾಸ್ತ್ರಜ್ಞರು 1.5 ಅನ್ನುತ್ತಾರೆ. ನಾನು 1 ಎಂದೇ ಬರೆದು, ಪಕ್ಕದಲ್ಲಿ ಹೋದ ವರ್ಷ, ಆಗಿನ ವಯಸ್ಸು ಸೇರಿಸುತ್ತೇನೆ. ಹಳೇ ಪಾಸ್‌ಪೋರ್ಟಿನ ಮೊಹರು ಸಿಕ್ಕರೆ ತಾರೀಖಿಗೆ ಅದೇ ಆಧಾರ.

ಕಷ್ಟದ ಜಾಗ ಒಂದೇ. ದೊಡ್ಡಪ್ಪನ ಮಗಳು, ಅಲ್ಲಿ ಹುಟ್ಟಿದವಳು, ಊರಿಗೆ ಬಂದು ಸೋದರಮಾವನನ್ನೇ ಮದುವೆಯಾದಳು. ಅಂದರೆ ದೊಡ್ಡಮ್ಮನ ಕೊನೇ ತಮ್ಮನನ್ನು. ಆಮೇಲೆ ಅವನೂ ಅಲ್ಲಿಗೆ ಹೋದ. ಅವರ ಮಗ ಹುಟ್ಟಿದ್ದೂ ಅಲ್ಲಿಯೇ. ವಲಸೆಯ ಕಾಲಂನಲ್ಲಿ ಅವನು 2, ಅದರಲ್ಲಿ ಗೊಂದಲವಿಲ್ಲ. ವಂಶದ ಕಾಲಂನಲ್ಲಿ ಮಾತ್ರ ತಂದೆ ಕಡೆಯಿಂದ 2, ತಾಯಿ ಕಡೆಯಿಂದ 3. ದೊಡ್ಡಮ್ಮನ ಅಪ್ಪನಿಗೆ ಮೊಮ್ಮಗನೂ ಹೌದು, ಮರಿಮಗನೂ ಹೌದು. ಸರಾಸರಿ ಹಾಕಿ 2.5 ಅನ್ನುವವರಿದ್ದಾರೆ. ಅದರಲ್ಲಿ ಎರಡು ದಾರಿಯೂ ಮುಚ್ಚಿಹೋಗುತ್ತವೆ, ನನಗೆ ಒಪ್ಪಿಗೆಯಿಲ್ಲ. ‘ತಂದೆ ಕಡೆ 2, ತಾಯಿ ಕಡೆ 3’ ಎಂದೇ ಬರೆದೆ. ವಿವರವೆಲ್ಲ ತಂದೆಯ ಕವಲಿನಲ್ಲಿ. ತಾಯಿಯ ಕವಲಿನಲ್ಲಿ ಹೆಸರು ಮತ್ತು ಆ ಪುಟದ ಸಂಖ್ಯೆ ಮಾತ್ರ.